ಆ ಶಾಲನ್ನು ಅಷ್ಟು ನಂಬಬೇಡಿ

1888ರಲ್ಲಿ ಲಂಡನ್ನಿನಲ್ಲಿ ಸಾಲು ಕೊಲೆ ಮಾಡಿ ಸಿಕ್ಕಿಬೀಳದೇ ಹೋದವನು ಜ್ಯಾಕ್ ದಿ ರಿಪ್ಪರ್. ಒಂದು ಹಳೆಯ ಶಾಲಿನ ಮೇಲಿನ ಡಿಎನ್‌ಎ ಶಂಕಿತರಲ್ಲೊಬ್ಬನಾದ ಆರನ್ ಕೋಸ್ಮಿನ್ಸ್ಕಿಯ ಸಂಬಂಧಿಕರದ್ದಕ್ಕೆ ಹೊಂದಿದ ಮೇಲೆ ಅವನೇ ರಿಪ್ಪರ್ ಅಂತ ಆಯಿತಲ್ವಾ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಇಲ್ಲ.

ಎಲ್ಲವೂ ನಿಂತಿರುವುದು ಒಂದು ರೇಷ್ಮೆ ಶಾಲಿನ ಮೇಲೆ. 1888ರ ಸೆಪ್ಟೆಂಬರ್ 30ರಂದು ಲಂಡನ್ನಿನ ಮೈಟರ್ ಸ್ಕ್ವೇರ್‌ನಲ್ಲಿ ಕೊಲೆಯಾದ ಕ್ಯಾಥರೀನ್ ಎಡ್ಡೋಸ್ ಬಳಿ ಅದು ಸಿಕ್ಕಿತಂತೆ. ಒಬ್ಬ ಪೊಲೀಸ್ ಮನೆಗೆ ಒಯ್ದನಂತೆ. ಬರೀ ಅಂತೆಕಂತೆ! ಅವಳ ಬಟ್ಟೆಬರೆ, ಸಾಮಾನನ್ನೆಲ್ಲ ಪೊಲೀಸರು ಅವತ್ತೇ ಪಟ್ಟಿ ಮಾಡಿದ್ದರು. ಅಡವಿನ ಚೀಟಿ ಇಟ್ಟಿದ್ದ ಸಾಸಿವೆ ಡಬ್ಬಿ, ಟೀ ಪುಡಿ, ಸಕ್ಕರೆ, ಒಂಟಿ ಕೆಂಪು ಕೈಗವಸು ಕೂಡ ಅದರಲ್ಲಿವೆ. ಈ ಶಾಲು ಮಾತ್ರ ಇಲ್ಲ.

ಇನ್ನು ಡಿಎನ್‌ಎ. ಅದು ಮೈಟೋಕಾಂಡ್ರಿಯಾದ್ದು (ಜೀವಕೋಶದೊಳಗಿನ ಒಂದು ಪುಟ್ಟ ಭಾಗ), ತಾಯಿ ಕಡೆಯಿಂದ ಬರುವಂಥದ್ದು. ಒಂದೇ ತರಹದ್ದು ಸಾವಿರಾರು ಜನರಲ್ಲಿರಬಹುದು. ಶಾಲು ಎಡ್ಡೋಸ್‌ಳದ್ದೇ ಎನ್ನಲು, ಅದರಲ್ಲೂ ಅವಳ ವಂಶದವರಲ್ಲೂ '314.1ಸಿ' ಎಂಬ ಅಪರೂಪದ ಡಿಎನ್‌ಎ ಬದಲಾವಣೆ ಸಿಕ್ಕಿತು ಎಂದು 2014ರಲ್ಲಿ ಪರೀಕ್ಷಿಸಿದವರು ಹೇಳಿದರಲ್ಲ, ಅದು ಅಸಲಿಗೆ 315.1ಸಿ ಆಗಬೇಕಿತ್ತು ಎಂದು ಬೇರೆ ತಜ್ಞರು ತೋರಿಸಿದರು. ಅದು ಯುರೋಪ್ ಮೂಲದ ಬಹುತೇಕ ಎಲ್ಲರಲ್ಲೂ ಇದೆ!

ಹಾಗಂತ ಕೋಸ್ಮಿನ್ಸ್ಕಿಯ ಹೆಸರು ಸುಮ್ನೆ ಬಂದಿದ್ದಲ್ಲ. 1894ರಲ್ಲಿ ಪೊಲೀಸ್ ಅಧಿಕಾರಿ ಮೆಲ್ವಿಲ್ ಮ್ಯಾಕ್ನಾಟನ್ ಶಂಕಿತರ ಬಗ್ಗೆ ಬರೆದ ಟಿಪ್ಪಣಿಯಲ್ಲಿ 'ಕೋಸ್ಮಿನ್ಸ್ಕಿ' ಇದ್ದಾನೆ, ಮೊದಲ ಹೆಸರಿಲ್ಲದೆ. ಶಾಲಿಗಿಂತ ನನಗೆ ಆ ಟಿಪ್ಪಣಿಯದ್ದೇ ಜಾಸ್ತಿ ತೂಕ.