ಆ ಹಾಡನ್ನು ಕಳುಹಿಸಬೇಡಿ

ನೀವು ಮದುವೆಯಾಗಲಿರುವ ಹುಡುಗನಿಗೆ ಗಾಯಕಿ ನೆನೆ ಚೆರಿಯ ‘ಮ್ಯಾನ್‌ಚೈಲ್ಡ್’ ಹಾಡನ್ನು ಕಳುಹಿಸಿದರೆ ಅವನಿಗೆ ತನ್ನ ಮುಖ ಕಾಣುತ್ತದೆಯೇ ಎಂದು ಕೇಳಿದ್ದೀರಿ. ನನಗಂತೂ ಕಾಣಲಿಲ್ಲ.

ನಮ್ಮದು ಕೊಡಗಿನ ಸೋಮವಾರಪೇಟೆ ಕಡೆ, ಹೆಂಡತಿಯ ತವರು ಮಕ್ಕಂದೂರಿನ ಹತ್ತಿರ. 2018ರ ಆಗಸ್ಟ್ ಮಳೆಗೆ ಗುಡ್ಡ ಜರಿದು ಅವರ ಕಾಫಿ ತೋಟದ ಅರ್ಧ ಕೊಚ್ಚಿಹೋಯಿತು. ನಾನು ಪಹಣಿ ತೆಗೆಸಿದೆ, ಸರ್ವೆಗೆ ನಿಂತೆ, ಪರಿಹಾರದ ಅರ್ಜಿ ಬರೆದೆ. ರಾತ್ರಿ ಅವಳು ಅಪ್ಪ ನೆಟ್ಟ ಕಿತ್ತಳೆ ಗಿಡಗಳ ಮಾತೆತ್ತಿದರೆ ಎಕರೆಗೆ ಎಷ್ಟು ಸಿಗಬಹುದೆಂದು ಲೆಕ್ಕ ಹೇಳುತ್ತಿದ್ದೆ. ಅತ್ತರೆ ಎದ್ದು ಕಣದ ಕಡೆ ಹೋಗುತ್ತಿದ್ದೆ.

ಕಾಫಿ ಒಣಗುವ ಕಾಲದಲ್ಲಿ ಒಂದು ಸಂಜೆ, ಪಕ್ಕದ ಕೋಣೆಯಿಂದಲೇ ಅವಳು ಆ ಹಾಡನ್ನು ಮೊಬೈಲ್‌ಗೆ ಕಳುಹಿಸಿದಳು. 1989ರದು. ಸೋಲ್ ಸಂಗೀತದ ಆರ್ದ್ರತೆ, ಹಿಪ್‌ಹಾಪ್‌ನ ತಾಳ, ನಡುವೆ ರ‍್ಯಾಪ್, ಇವತ್ತಿಗೂ ಹಳತಾಗಿಲ್ಲ. ನಾನು ಚೀಲ ಹೊಲಿಯುತ್ತಲೇ ಕೇಳಿ ‘ತಾಳ ಚೆನ್ನಾಗಿದೆ’ ಎಂದು ಉತ್ತರಿಸಿದೆ. ಅವಳು ಬಾಗಿಲಿಗೆ ಬಂದು ‘ನನಗೆ ಪರಿಹಾರ ಬೇಡ’ ಎಂದಳು. ನಾನು ಸರ್ಕಾರದ ಹಣದ ಮಾತೆಂದು ತಿಳಿದು, ಅರ್ಜಿಯನ್ನು ಈಗ ಹಿಂದಕ್ಕೆ ಪಡೆಯಬಾರದೆಂದು ವಿವರಿಸಿದೆ.

ಈ ತಪ್ಪನ್ನು ಬಿಡಿಸಿ ಹೇಳಲೇಬೇಕು. ಹಾಡಿನ ಅರ್ಥ ನನಗೆ ತಿಳಿದಿತ್ತು. ಬೆಳೆದ ಗಂಡಸಿನೊಳಗೆ ಬೆಳೆಯದೆ ಉಳಿದ ಹುಡುಗನ ಹಾಡೆಂದು ಹೆಸರೇ ಹೇಳುತ್ತದೆ. ಆದರೆ ಅದು ಕುಡಿದು ಅಲೆಯುವವರ, ಹೊಣೆ ಹೊರದವರ ಕಥೆ ಎಂದುಕೊಂಡೆ. ನಾನು ಅವಳ ತವರಿಗಾಗಿ ಕಚೇರಿ ಕಚೇರಿ ಸುತ್ತಿದವನಲ್ಲವೇ? ಆ ಸುತ್ತಾಟವೇ ನನ್ನ ಅಡಗುತಾಣವಾಗಿತ್ತು. ಅವಳ ದುಃಖದ ಎದುರು ಕೈಕಟ್ಟಿ ಕೂರಲು ನನಗೆ ಹೆದರಿಕೆ. ಕಾಗದ ಹಿಡಿದು ಓಡಿದರೆ ಹೆದರಿಕೆಯೂ ಮರೆಯಾಗುತ್ತಿತ್ತು, ಊರವರಿಂದ ಒಳ್ಳೆಯ ಅಳಿಯ ಎಂಬ ಹೆಸರೂ ಬರುತ್ತಿತ್ತು. ಆ ಕಿತ್ತಳೆ ಗಿಡಗಳು ಎಷ್ಟಿದ್ದವೆಂದು ಅವಳು ಹಲವು ಸಲ ಹೇಳಿದ್ದಳು. ನನಗೆ ಇಂದಿಗೂ ನೆನಪಿಲ್ಲ.

ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲೇ ಅವಳು ಮೈಸೂರಿಗೆ ಹೊರಟುಹೋದಳು.

ಆದ್ದರಿಂದ ಯಾವ ಹಾಡು, ಯಾವಾಗ ಕಳುಹಿಸಲಿ ಎಂಬ ಲೆಕ್ಕಾಚಾರವನ್ನೇ ಬಿಡಿ. ಹಾಡು ಕಳುಹಿಸಿದರೆ ಅವನು ಹಾಡಿನ ಬಗ್ಗೆ ಮಾತನಾಡಿ ಪಾರಾಗುತ್ತಾನೆ. ಅವನನ್ನು ಬೆಳೆಸುವ ಹೊಣೆಯೂ ನಿಮ್ಮದಲ್ಲ. ನಿಮ್ಮನ್ನು ನಿಜವಾಗಿ ನೋಯಿಸಿದ ಒಂದು ಸಂಗತಿಯನ್ನು ಅವನ ಎದುರು ಕುಳಿತು ಹೇಳಿ. ಉಪಾಯ ಹೇಳಲು ಹೊರಟರೆ ತಡೆದು, ಸುಮ್ಮನೆ ಕೇಳು ಎನ್ನಿ. ಆಮೇಲೂ ಅವನು ಎದ್ದು ಹೋದರೆ ಮದುವೆಯನ್ನು ಮುಂದೂಡಿ, ಛತ್ರಕ್ಕೆ ಮುಂಗಡ ಕೊಟ್ಟಾಗಿದ್ದರೂ ಸರಿ.