ಕುದುರೆಮುಖದ ಹತ್ತಿರ ಸ್ವಂತ ಟೆಂಟ್ ಹಾಕಲು ಜಾಗ ಸಿಗುತ್ತದೆಯೇ?

ಡಿಸೆಂಬರ್ ಕೊನೆಯ ವಾರ ಹೆಂಡತಿ ಮತ್ತು ಹತ್ತು ವರ್ಷದ ಮಗನೊಂದಿಗೆ ಬರುತ್ತಿದ್ದೇವೆ, ಟೆಂಟ್ ನಮ್ಮದೇ ಇದೆ, ಕುದುರೆಮುಖದ ನೆತ್ತಿಯಲ್ಲಿ ಒಂದು ರಾತ್ರಿ ಮಲಗಬಹುದೇ, ಇಲ್ಲವಾದರೆ ಹತ್ತಿರ ಎಲ್ಲಿ ಎಂದು ಕೇಳಿದ್ದೀರಿ. ನಾನು ಕಳಸ ಮತ್ತು ಸಂಸೆಯ ನಡುವೆ ಅಡಿಕೆ ತೋಟ ಇಟ್ಟುಕೊಂಡಿರುವವನು. ಬೆಟ್ಟಕ್ಕೆ ಹೋಗುವ ಜೀಪುಗಳ ಸದ್ದಿಗೇ ನಮಗೆ ಬೆಳಗಾಗುತ್ತದೆ.

ನೆತ್ತಿಯ ಆಸೆಯನ್ನು ಬಿಟ್ಟುಬಿಡಿ. ಹಿಂದೆ ದಾರಿಯಲ್ಲಿ ಸಿಗುವ ಲೋಬೋ ಮನೆಯ ಹತ್ತಿರ ಡೇರೆ ಹಾಕಿ ಮಲಗಿ ಬಂದವರಿದ್ದಾರೆ. ಆ ಕಾಲ ಮುಗಿಯಿತು. ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬೇಕು, ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಅನುಮತಿ ಪಡೆದಿರಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಇದೆ. ‘2005ರ ತನಕ ಇಲ್ಲೇ ಗುಡ್ಡ ಬಗೆದು ಕಬ್ಬಿಣದ ಅದಿರು ಸಾಗಿಸಿದಾಗ ಹಾಳಾಗದ ಕಾಡು ನಮ್ಮ ಒಂದು ಟೆಂಟಿನಿಂದ ಹಾಳಾಗುತ್ತದೆಯೇ’ ಎಂದು ಗೇಟಿನ ಕಾವಲುಗಾರನ ಹತ್ತಿರ ವಾದಕ್ಕೆ ಇಳಿಯುವವರನ್ನು ನೋಡಿದ್ದೇನೆ. ಮಾತಿನಲ್ಲಿ ಹುರುಳಿಲ್ಲದಿಲ್ಲ, ಆದರೆ ಗೇಟು ತೆರೆಯುವುದಿಲ್ಲ.

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೇ ಮಲಗಬೇಕೆಂದರೆ ಭಗವತಿ ನೇಚರ್ ಕ್ಯಾಂಪ್ ಇದೆ. ಅಲ್ಲಿ ಅವರದೇ ಟೆಂಟ್‌ಗಳಿವೆ, ನಿಮ್ಮದನ್ನು ಬಿಚ್ಚುವ ಕೆಲಸವಿಲ್ಲ. ಪಕ್ಕದಲ್ಲೇ ಭದ್ರೆ.

ಸ್ವಂತ ಟೆಂಟಿನಲ್ಲೇ ಮಲಗಬೇಕೆಂಬ ಹಟವಿದ್ದರೆ ಸಂಸೆ, ಬಾಳೆಗಲ್ ಕಡೆಯ ಮನೆಗಳ ಅಂಗಳವೇ ಗತಿ. ಕೇಳುವ ಬಗೆಯೊಂದಿದೆ. ‘ಟೆಂಟಿಗೆ ಜಾಗ ಎಷ್ಟು?’ ಎಂದು ಶುರುಮಾಡಿದರೆ ಮನೆಯವರಿಗೆ ಏನು ಹೇಳಬೇಕೆಂದು ತೋಚುವುದಿಲ್ಲ. ಅಂಗಳಕ್ಕೆ ಬಾಡಿಗೆ ಹೇಳಿ ನಮಗೆ ರೂಢಿಯಿಲ್ಲ. ‘ರಾತ್ರಿ ಊಟ, ಬೆಳಿಗ್ಗೆ ಕಡುಬು ನಿಮ್ಮಲ್ಲೇ, ಮಲಗುವುದು ಮಾತ್ರ ನಮ್ಮ ಟೆಂಟಿನಲ್ಲಿ’ ಎನ್ನಿ. ಬಚ್ಚಲ ಒಲೆಯ ಬಿಸಿನೀರೂ ಸೇರಿ ಒಂದು ಮೊತ್ತ ಕುದುರುತ್ತದೆ. ಮುಳ್ಳೋಡಿಯಲ್ಲೇ ಜಾಗ ಸಿಕ್ಕಿದರೆ ಇನ್ನೂ ಒಳ್ಳೆಯದು, ಚಾರಣ ಶುರುವಾಗುವುದೇ ಅಲ್ಲಿಂದ. ಬಾಳೆಗಲ್‌ನಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಮಾತ್ರ ನಿಮ್ಮ ಕಾರನ್ನು ಇಳಿಸಬೇಡಿ. ಅದು ಜೀಪಿನ ದಾರಿ, ಜೀಪೇ ನರಳುತ್ತದೆ. ಬಾಡಿಗೆ ಜೀಪಿಗೆ, ತಲೆಗಲ್ಲ. ಮೂವರೇ ಇರುವುದರಿಂದ ಇನ್ನೊಂದು ಗುಂಪಿನ ಜೊತೆ ಸೇರಿಕೊಳ್ಳಿ.

ಇಲ್ಲೊಂದು ತೊಡಕಿದೆ. ನೀವು ಬರುವ ದಿನಗಳು ಕೊಯ್ಲಿನ ದಿನಗಳು. ಬೇರೆ ಕಾಲದಲ್ಲಿ ಖಾಲಿ ಬಿದ್ದಿರುವ ಅಂಗಳದಲ್ಲಿ ಆಗ ಕಾಲಿಡಲು ಜಾಗವಿರುವುದಿಲ್ಲ. ಒಂದು ಕಡೆ ಕಾಫಿ ಹರಡಿರುತ್ತದೆ, ಇನ್ನೊಂದು ಕಡೆ ಅಡಿಕೆ ಒಣಗಿಸಲು ಕಂಬಗಳ ಮೇಲೆ ಕಟ್ಟಿದ ಅಟ್ಟ. ಸಂಜೆಯಾದರೆ ಸುಲಿಯುವವರು ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂರುತ್ತಾರೆ, ಹಂಡೆಯಲ್ಲಿ ಅಡಿಕೆ ಕುದಿಯುತ್ತಿರುತ್ತದೆ, ಅಡಿಕೆ ಬೆಂದ ಕೆಂಪು ನೀರಾದ ಚೊಗರಿನ ಒಗರು ವಾಸನೆ ಅಂಗಳ ತುಂಬಿರುತ್ತದೆ. ನಿಮ್ಮ ಮಗನಿಗೆ ಬೆಟ್ಟಕ್ಕಿಂತ ಇದೇ ಹೆಚ್ಚು ನೆನಪಿನಲ್ಲಿ ಉಳಿದರೂ ಉಳಿಯಬಹುದು. ಆದರೆ ನಿದ್ದೆ ಬೇಗ ಬರುವುದಿಲ್ಲ.

ಎರಡು ವರ್ಷದ ಹಿಂದೆ ಇದೇ ಹೊತ್ತಿನಲ್ಲಿ ಬಂದ ಇಬ್ಬರು ಹುಡುಗರಿಗೆ ನಾನೇ ಬುದ್ಧಿವಂತಿಕೆ ತೋರಿಸಲು ಹೋದೆ. ಇಲ್ಲಿಯ ಇಬ್ಬನಿ ಎಂದರೆ ಸಣ್ಣ ಮಳೆಯೇ. ಬಯಲಿನಲ್ಲಿ ಟೆಂಟ್ ಹಾಕಿದರೆ ಬೆಳಗಿನ ಜಾವ ಹಿಂಡುವಷ್ಟು ಒದ್ದೆಯಾಗಿರುತ್ತದೆ. ‘ಅಟ್ಟದ ಕೆಳಗೆ ಹಾಕಿಕೊಳ್ಳಿ, ಒಂದು ಹನಿಯೂ ಬೀಳುವುದಿಲ್ಲ’ ಎಂದೆ. ಇಬ್ಬನಿ ಬೀಳಲಿಲ್ಲ, ನಿಜ. ಮೇಲೆ ತಟ್ಟಿಯಲ್ಲಿ ಆ ಸಂಜೆಯಷ್ಟೇ ಬೇಯಿಸಿ ಹರಡಿದ ಅಡಿಕೆ ಇದ್ದದ್ದು ನನಗೆ ಮರೆತೇ ಹೋಗಿತ್ತು. ಬೆಳಿಗ್ಗೆ ಅವರ ಹಳದಿ ಟೆಂಟಿನ ತುಂಬ ಕೆಂಗಂದು ಚುಕ್ಕೆಗಳು. ಚೊಗರಿನ ಕಲೆ ಸೋಪಿಗೆ ಹೋಗುವಂಥದ್ದಲ್ಲ. ಹುಡುಗರು ನಕ್ಕರು, ನಾನು ಊಟದ ದುಡ್ಡು ತೆಗೆದುಕೊಳ್ಳಲಿಲ್ಲ. ಆದ್ದರಿಂದ ಅಟ್ಟದ ಕೆಳಗೇ ಕೇಳಿ, ಮೇಲಿರುವುದು ಒಣಗಿದ ಅಡಿಕೆಯೇ ಎಂದೂ ಕೇಳಿ. ಕೊಯ್ಲಾದ ಗದ್ದೆ ತೋರಿಸಿದರೆ ಒಪ್ಪಬೇಡಿ, ಕೊಯ್ದುಳಿದ ಪೈರಿನ ಕೂಳೆ ಟೆಂಟಿನ ತಳವನ್ನು ಚುಚ್ಚಿ ಹಾಳುಮಾಡುತ್ತದೆ. ತೋಟದ ತಗ್ಗೂ ಬೇಡ. ಚಳಿ ಅಲ್ಲಿ ಹೋಗಿ ಕೂರುತ್ತದೆ.

ದಿನಾಂಕ ಬದಲಿಸಲು ಸಾಧ್ಯವಾದರೆ ಜನವರಿಯ ವಾರದ ನಡುವೆ ಬನ್ನಿ. ಡಿಸೆಂಬರ್ ಕೊನೆಯ ವಾರ ಹೊಸ ವರ್ಷದ ಜನವೆಲ್ಲ ಇಲ್ಲೇ ಇರುತ್ತದೆ, ಅನುಮತಿ ಸಿಗುವುದೇ ಅನುಮಾನ. ತೀರಾ ತಡಮಾಡಲೂ ಬೇಡಿ. ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಹುಟ್ಟಿದರೆ ದಾರಿಯನ್ನೇ ಮುಚ್ಚುತ್ತಾರೆ. ಅನುಮತಿಯ ಪತ್ರವನ್ನು ಮುದ್ರಿಸಿಕೊಂಡೇ ಬನ್ನಿ, ಮೊಬೈಲ್ ತೆರೆದು ತೋರಿಸುತ್ತೇನೆ ಎಂದುಕೊಂಡರೆ ಗೇಟಿನಲ್ಲಿ ಸಿಗ್ನಲ್ ಹುಡುಕುತ್ತ ಆಕಾಶಕ್ಕೆ ಕೈ ಚಾಚಬೇಕಾಗುತ್ತದೆ.

ಮಗನ ವಿಷಯ. ಮುಳ್ಳೋಡಿಯಿಂದ ಹೋಗಿ ಬರಲು ಸುಮಾರು 20 ಕಿ.ಮೀ. ನಡಿಗೆ. ಬೆಟ್ಟದ ಎತ್ತರ 1,900 ಮೀಟರ್‌ಗೆ ತುಸುವೇ ಕಡಿಮೆ. ಊರಿನಲ್ಲಿ ಒಂದು ಭಾನುವಾರ ಅವನನ್ನು 15 ಕಿ.ಮೀ. ನಡೆಸಿ ನೋಡಿ. ಮರುದಿನ ಕಾಲು ಹಿಡಿದುಕೊಂಡು ಕೂತರೆ ಕುದುರೆಮುಖವನ್ನು ಇನ್ನೆರಡು ವರ್ಷ ಮುಂದೂಡಿ, ಭಗವತಿ ಕ್ಯಾಂಪಿನಲ್ಲಿ ಉಳಿದು ಕುರಿಂಜಾಲ್ ಬೆಟ್ಟ ಹತ್ತಿಸಿ. ಅದು ಇದಕ್ಕಿಂತ ಎಷ್ಟೋ ಕಡಿಮೆ ದೂರ, ಹೊರಡುವುದೂ ಕ್ಯಾಂಪಿನ ಹತ್ತಿರದಿಂದಲೇ.