ಪೇಪರ್ ಏಜೆನ್ಸಿ ಹಿಡಿಯೋ ಮುಂಚೆ ಬಂಡಲ್ ಚೀಟಿ ಓದೋದು ಕಲೀರಿ

ಬೆಂಗಳೂರಿನಲ್ಲಿ ರಾತ್ರಿ ಅಚ್ಚಾದ ಪೇಪರ್ ಬೆಳಗ್ಗೆ ಆರಕ್ಕೆಲ್ಲಾ ತಾಲ್ಲೂಕಿಗೆ ಹೇಗೆ ಮುಟ್ಟುತ್ತೆ, ಏಜೆನ್ಸಿ ಹಿಡಿಯಬಹುದಾ ಅಂತ ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ಇದನ್ನೇ ಕೇಳಿಕೊಂಡು ಓಡಾಡಿದವನು.

ಮೊದಲನೆಯದಾಗಿ, ನಮ್ಮಂಥ ದೂರದ ತಾಲ್ಲೂಕಿಗೆ ಅದು ಬೆಂಗಳೂರಿಂದ ಬರುವುದೇ ಇಲ್ಲ. ಅಲ್ಲಿಂದ ಬರುವುದು ಪುಟಗಳ ಫೈಲ್ ಮಾತ್ರ. ನಮ್ಮ ಹಾನಗಲ್ಲಿನ ಪೇಪರ್ ಹುಬ್ಬಳ್ಳಿಯಲ್ಲಿ ಅಚ್ಚಾಗುತ್ತಿತ್ತು. ಪುಟವನ್ನು ಅಲ್ಯೂಮಿನಿಯಂ ಪ್ಲೇಟಿಗೆ ಇಳಿಸುತ್ತಾರೆ, ಬಣ್ಣದ ಪುಟಕ್ಕೆ ನಾಲ್ಕು ಪ್ಲೇಟು. 1960ರ ದಶಕದಲ್ಲಿ ‘ದಿ ಹಿಂದೂ’ ಮದ್ರಾಸಿನಿಂದ ಸ್ವಂತ ವಿಮಾನದಲ್ಲಿ ಪೇಪರ್ ಕಳಿಸುತ್ತಿತ್ತು. ನಮಗೆ ಹುಬ್ಬಳ್ಳಿಯಿಂದ ತರಲು ಟಾಟಾ ಏಸ್ ಸಾಕು.

ದೂರದ ಊರಿನ ಪ್ರತಿ ಮೊದಲು ಅಚ್ಚಾಗಿ ಹೊರಡುತ್ತದೆ. ಅದಕ್ಕೇ ತಡರಾತ್ರಿ ಮುಗಿದ ಮ್ಯಾಚಿನ ಸುದ್ದಿ ಹುಬ್ಬಳ್ಳಿಯವರ ಪೇಪರಿನಲ್ಲಿ ಇರುತ್ತೆ, ನಮ್ಮದರಲ್ಲಿ ಇರುವುದಿಲ್ಲ. ಬೈಸಿಕೊಳ್ಳುವುದು ಏಜೆಂಟು.

ಈಗ ನನ್ನ ತಪ್ಪಿನ ಕಥೆ. 2018ರ ಮೇ 15, ವಿಧಾನಸಭೆ ಎಣಿಕೆ ದಿನ. ಯಾರಿಗೂ ಬಹುಮತ ಇಲ್ಲ, ಊರೆಲ್ಲಾ ಅದೇ ಮಾತು. ಮಧ್ಯಾಹ್ನ ಸರ್ಕ್ಯುಲೇಶನ್‌ನವರಿಗೆ, ಅಂದರೆ ಏಜೆಂಟರಿಗೆ ಪ್ರತಿ ಕಳಿಸುವ ಪತ್ರಿಕೆಯ ವಿಭಾಗಕ್ಕೆ, ಫೋನ್ ಮಾಡಿ, ‘ಸರ್, 200 ಜಾಸ್ತಿ ಮಾಡಿ’ ಅಂದೆ. ಅಷ್ಟೇ ಅಂದೆ. ‘ನಾಳೆ ಒಂದು ದಿನಕ್ಕೆ ಮಾತ್ರ’ ಅನ್ನಲಿಲ್ಲ. ಇಂಡೆಂಟ್, ಅಂದರೆ ದಿನಾ ಎಷ್ಟು ಪ್ರತಿ ಬೇಕು ಅಂತ ಏಜೆಂಟ್ ಹೇಳುವ ಲೆಕ್ಕ, ಹಾಲಿನ ವರ್ತನೆ ಇದ್ದ ಹಾಗೆ. ನೀವು ಕಡಿಮೆ ಮಾಡಿ ಅನ್ನುವವರೆಗೂ ದಿನಾ ಅಷ್ಟೇ ಬರುತ್ತೆ.

16ನೇ ತಾರೀಖು 200 ಪ್ರತಿಯೂ ಖಾಲಿ. ಖುಷಿಯಲ್ಲಿ ಅಕ್ಕನ ಮನೆ ಮದುವೆಗೆ ಹೋದೆ. ಲೈನ್ ಹಾಕುವ, ಅಂದರೆ ಮನೆಮನೆಗೆ ಪೇಪರ್ ಹಾಕುವ, ಹುಡುಗನೇ ಬಂಡಲ್ ಇಳಿಸಿಕೊಳ್ಳುತ್ತಿದ್ದ. ತನ್ನ ಲೈನಿಗೆ ಬೇಕಾದಷ್ಟು ಎತ್ತಿಕೊಂಡು, ಉಳಿದಿದ್ದನ್ನು ಅಂಗಡಿಯ ಶಟರ್ ಒಳಗೆ ಒಟ್ಟುತ್ತಿದ್ದ. ‘ಅಣ್ಣ ಹೇಳೇ ತರಿಸಿರ್ತಾರೆ ಅಂದ್ಕೊಂಡೆ’ ಅಂದ ಆಮೇಲೆ. ಅವನದೇನು ತಪ್ಪು? ಪ್ರತಿ ಬಂಡಲ್ ಮೇಲೂ ಚೀಟಿ ಇರುತ್ತೆ. ಊರು, ಏಜೆಂಟ್, ಎಷ್ಟು ಪ್ರತಿ, ಎಲ್ಲಾ ಬರೆದಿರುತ್ತೆ. ವಾಪಸ್ ಬಂದ ಮೇಲೂ ನಾನು ಆ ಚೀಟಿಯನ್ನು ಹರಿದು ಬಿಸಾಕುತ್ತಿದ್ದೆನೇ ಹೊರತು ಒಂದು ದಿನ ಓದಲಿಲ್ಲ. ಒಂಬತ್ತು ದಿನ, ದಿನಕ್ಕೆ 200. ನನಗೆ ಉಳಿದ ಪ್ರತಿ ವಾಪಸ್ ಮಾಡುವ ಸೌಲಭ್ಯ ಇರಲಿಲ್ಲ. ರದ್ದಿಗೆ ಹಾಕಿದರೆ ಬಿಲ್ಲಿನ ಅರ್ಧವೂ ಬರಲಿಲ್ಲ. ಉಳಿದಿದ್ದನ್ನು ಕಂಪನಿಯವರು ಏಜೆನ್ಸಿಗೆ ನಾನು ಕಟ್ಟಿದ್ದ ಠೇವಣಿಯಲ್ಲಿ ಮುರಿದುಕೊಂಡರು.

ಲಾಭ ಎಷ್ಟು ಅಂತ ಲೆಕ್ಕ ಹಾಕುವುದು ಬಿಡಿ. ಇದು ಪೇಪರ್ ಮಾರುವ ವ್ಯಾಪಾರವೇ ಅಲ್ಲ, ತಿಂಗಳ ಕೊನೆಗೆ ಮನೆಮನೆ ಮುಂದೆ ನಿಂತು ದುಡ್ಡು ವಸೂಲಿ ಮಾಡುವ ಕೆಲಸ. ‘ನಾಳೆ ಬಾರಪ್ಪ’ ಅನ್ನುವವರೇ ಜಾಸ್ತಿ, ಕಂಪನಿ ಬಿಲ್ ಮಾತ್ರ ಕಾಯುವುದಿಲ್ಲ. ಸಂಕೋಚದ ಸ್ವಭಾವ ಇದ್ದರೆ ಸುಮ್ನೆ ಕೈ ಹಾಕಬೇಡಿ. ಆದರೂ ಆಸೆ ಇದ್ದರೆ, ಠೇವಣಿ ಕಟ್ಟುವ ಮುಂಚೆ ಜುಲೈ ತಿಂಗಳಲ್ಲಿ ಒಂದು ವಾರ ಬೆಳಗಿನ ನಾಲ್ಕೂವರೆಗೆ ನಿಮ್ಮೂರ ಬಸ್‌ಸ್ಟ್ಯಾಂಡಿಗೆ ಹೋಗಿ, ಏಜೆಂಟ್ ಜೊತೆ ಕೂತು ಪುರವಣಿ ಸೇರಿಸಿ ನೋಡಿ. ಹೋಗುವಾಗ ಪ್ಲಾಸ್ಟಿಕ್ ತಾಡಪಾಲು ಒಯ್ಯಿರಿ.